ಬಟ್ಟಲ ಪಕ್ಕದ ಕೈಗಡಿಯಾರ

ಹತ್ತೊಂಬತ್ತು ವರ್ಷ ಹದಿನಾರನೇ ನಂಬರಿನ ಬಸ್ಸು ಓಡಿಸಿದವನಿಗೆ ಸ್ವಂತ ಹೆಸರು ಎಲ್ಲಿ ಉಳಿಯುತ್ತದೆ, ನೀವೇ ಹೇಳಿ. ಡಿಪೋದಲ್ಲಿ ಹಾಜರಿ ಕರೆಯುವ ಗುಮಾಸ್ತನಿಂದ ಹಿಡಿದು ಟೈರಿಗೆ ಗಾಳಿ ತುಂಬುವವನವರೆಗೆ ಎಲ್ಲರಿಗೂ ಅವನು ಹದಿನಾರಣ್ಣ. ಮನೆಯಲ್ಲಿ ಹೆಂಡತಿಗೆ 'ರೀ'. ಈ ಎರಡರ ನಡುವೆ ಅವನ ಬದುಕು ಆರಾಮವಾಗಿಯೇ ನಡೆದಿತ್ತು.

ಆರಾಮ ಸ್ವಲ್ಪ ಹೆಚ್ಚೇ ಆಯಿತು ಅನ್ನಿ. ಕೆಲಸಕ್ಕೆ ಸೇರಿದಾಗ ಅವನ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಒಂದು ಗೇಣು ಜಾಗವಿತ್ತು. ಅದು ನಾಲ್ಕು ಬೆರಳಾಯಿತು, ಎರಡು ಬೆರಳಾಯಿತು. ಕೊನೆಗೆ ಅಂಗಿಯ ಮೂರನೇ ಗುಂಡಿ ಸ್ಟೇರಿಂಗಿಗೆ ಉಜ್ಜಿ ಉಜ್ಜಿ ತಿಂಗಳಿಗೊಮ್ಮೆ ಕಿತ್ತುಬರುತ್ತಿತ್ತು. ಹೆಂಡತಿ ಬೈದುಕೊಂಡೇ ಹೊಲಿದು ಕೊಡುತ್ತಿದ್ದಳು. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ, ಅವನು ಬಲಕ್ಕೆ ತಿರುಗಿಸುವಾಗ ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿಯುವುದನ್ನು ಕಣ್ಣಾರೆ ಕಂಡ. ತಕ್ಕಡಿ ನೂರ ಮೂವತ್ತೆಂಟು ಕಿಲೋ ತೋರಿಸಿತು. ಮರುದಿನದಿಂದ ಬಸ್ಸು ಬೇರೆಯವನ ಕೈಗೆ ಹೋಯಿತು, ಹದಿನಾರಣ್ಣ ಮರೆತ ಸಾಮಾನಿನ ಕೋಣೆಗೆ ಹೋದ.

ಬಸ್ಸುಗಳಲ್ಲಿ ಜನ ಬಿಟ್ಟುಹೋದದ್ದೆಲ್ಲ ಬಂದು ಸೇರುವ ಜಾಗ ಅದು. ಕೊಡೆಗಳೇ ಇನ್ನೂರಕ್ಕೆ ಮೇಲೆ. ಒಂಟಿ ಚಪ್ಪಲಿ, ಊಟದ ಡಬ್ಬಿ, ಒಂದು ಊರುಗೋಲು, ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಊರುಗೋಲು ಬಿಟ್ಟವರು ಮನೆಗೆ ಹೇಗೆ ಹೋದರು, ಹಲ್ಲು ಬಿಟ್ಟವರು ರಾತ್ರಿಗೆ ಏನು ಉಂಡರು ಎಂದು ಯೋಚಿಸುತ್ತ ಕೂರುವುದು ಬಿಟ್ಟರೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಕೋಣೆಯ ಕಿಟಕಿ ಡಿಪೋದ ಗೇಟಿನ ಕಡೆಗೇ ತೆರೆದಿತ್ತು. ಹದಿನಾರು ಹೊರಡುವಾಗ ಅವನು ಕೈಗಡಿಯಾರ ನೋಡುತ್ತಿದ್ದ. ಹದಿನೈದು ವರ್ಷ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದ್ದಕ್ಕೆ ಡಿಪೋದವರೇ ಕೊಟ್ಟ ಗಡಿಯಾರ ಅದು. ಹೊಸ ಡ್ರೈವರು ಮೂರು ನಿಮಿಷ ತಡ. ಗೇಟಿನ ಹತ್ತಿರ ಗಕ್ಕನೆ ಬ್ರೇಕು. ಹದಿನಾರಣ್ಣನ ಬಲಗಾಲು ಮೇಜಿನ ಕೆಳಗೆ ತಾನಾಗಿಯೇ ಮೆಲ್ಲಗೆ ನೆಲ ಒತ್ತುತ್ತಿತ್ತು.

ಅವನಿಗೆ ಬೇಕಾದದ್ದು ಒಂದೇ. ಆ ಸೀಟು.

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿಗೆ ಅವನು ಒಪ್ಪಿದ್ದು ಅದಕ್ಕಾಗಿಯೇ. ಅದಕ್ಕೆ ಮುಂಚೆ ಪಥ್ಯ, ನಡಿಗೆ, ಬಿಸಿನೀರು, ಯಾರ್ಯಾರೋ ಹೇಳಿದ ಪುಡಿ, ಎಲ್ಲ ಆಗಿ ಐದು ಕಿಲೋ ಇಳಿದು ಏಳು ಕಿಲೋ ಏರಿತ್ತು. ನೂರಕ್ಕಿಂತ ಕೆಳಗಿಳಿದು ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಬಸ್ಸು ವಾಪಸು ಕೊಡುತ್ತೇವೆ ಎಂದು ಡಿಪೋ ಅಧಿಕಾರಿ ಮಾತು ಕೊಟ್ಟಿದ್ದ. ಪರೀಕ್ಷೆಯ ದಿನವೂ ಗೊತ್ತಾಗಿತ್ತು. ಆಪರೇಷನ್ ಆಗಿ ನಾಲ್ಕು ತಿಂಗಳಿಗೆ, ಇಪ್ಪತ್ತಾರನೇ ತಾರೀಖು, ಸೋಮವಾರ.

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅವನು ಫೋನಿನಲ್ಲಿ ಆ ಗುಂಪಿಗೆ ಸೇರಿಕೊಂಡ. ಇದೇ ಆಪರೇಷನ್ ಮಾಡಿಸಿಕೊಂಡ ಮುನ್ನೂರು ಚಿಲ್ಲರೆ ಜನ, ಬೇರೆ ಬೇರೆ ಊರಿನವರು. ಗುಂಪು ಕಟ್ಟಿದವರು ನಿವೃತ್ತ ಡ್ರಿಲ್ ಮೇಷ್ಟ್ರು. ಒಂಬತ್ತು ವರ್ಷದ ಹಿಂದೆ ತಾವೂ ಮಾಡಿಸಿಕೊಂಡವರು. ಮೇಷ್ಟ್ರ ಸೀಟಿ ಹೋದರೂ ಸ್ವಭಾವ ಎಲ್ಲಿ ಹೋಗುತ್ತದೆ? ಗುಂಪಿಗೂ ಸಾಲಾಗಿ ನಿಲ್ಲುವ ಶಿಸ್ತು ಬಂದಿತ್ತು. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ತಮ್ಮ ಬಟ್ಟಲಿನ ಫೋಟೋ ಹಾಕಬೇಕು. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಚಮಚ ಇಟ್ಟಿರಬೇಕು. ಸರಿಯಾಗಿ ಹಾಕಿದವರಿಗೆ ಮೇಷ್ಟ್ರು ಒಂದು ನಕ್ಷತ್ರ ಕೊಡುತ್ತಿದ್ದರು. ಆಪರೇಷನ್ನಿಗೆ ಇನ್ನೂ ಮನಸ್ಸು ಗಟ್ಟಿಮಾಡಿಕೊಳ್ಳುತ್ತಿದ್ದವರೂ ಗುಂಪಿನಲ್ಲಿದ್ದರು. ಅವರು ಹೆದರಬಾರದು ಎಂದು ಅಲ್ಲಿ ಗೋಳಾಡುವಂತಿರಲಿಲ್ಲ. ವಾಂತಿ ಎಂಬ ಮಾತನ್ನೇ ಆಡುವಂತಿರಲಿಲ್ಲ. ತೀರಾ ಆದರೆ 'ಇವತ್ತು ಸ್ವಲ್ಪ ಜಾಮ್' ಎನ್ನಬೇಕು. 'ತಾಳ್ಮೆ, ಎಲ್ಲರಿಗೂ ಆಗುತ್ತೆ' ಎಂದು ನಲವತ್ತು ಜನ ಬೆನ್ನು ತಟ್ಟುತ್ತಿದ್ದರು.

ಹಾಗೆಂದು ಗುಂಪನ್ನು ದೂರಲಾಗದು. ಮೊದಲ ಎರಡು ತಿಂಗಳು ಅವನನ್ನು ಕೈಹಿಡಿದು ನಡೆಸಿದ್ದೇ ಅವರು. ನೀರನ್ನು ಚಮಚದಲ್ಲಿ ಕುಡಿಯಲು ಕಲಿಸಿದವಳು ಯಾವುದೋ ಊರಿನ ಟೈಪಿಸ್ಟು. ಕನಸಿನಲ್ಲಿ ಬ್ರೆಡ್ಡು ಬರುತ್ತದೆ ಎಂದು ಇವನು ನಾಚಿಕೊಂಡು ಬರೆದಾಗ, 'ನಂಗೆ ಕನಸಲ್ಲಿ ಇಡೀ ಬೇಕರೀನೇ ಬರುತ್ತೆ, ಎದ್ದು ನೋಡಿದ್ರೆ ಅಲ್ಲೇ ನಿಂತಿರ್ತೀನಿ' ಎಂದು ಒಬ್ಬ ಬೇಕರಿಯವನು ಬರೆದಿದ್ದ. ಆ ದಿನ ಹದಿನಾರಣ್ಣ ಹೊಲಿಗೆ ಹಿಡಿದುಕೊಂಡು ನಕ್ಕಿದ್ದ. ಮನೆಯವರಿಗೆ, ಡಾಕ್ಟರಿಗೆ ಹೇಳಲಾಗದ್ದನ್ನು ಅಲ್ಲಿ ಹೇಳಬಹುದಿತ್ತು. ಒಂದು ಮಾತನ್ನು ಬಿಟ್ಟು.

ಗುಂಪಿನಲ್ಲಿ ಅವನ ಬಟ್ಟಲಿಗೆ ಹೆಸರು ಬಂದದ್ದು ಕೈಗಡಿಯಾರದಿಂದ. ಒಂದು ಊಟಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳಬೇಕು, ಒಂದೊಂದು ಚಮಚವನ್ನೂ ಮೂವತ್ತು ಸಲ ಅಗಿಯಬೇಕು ಎಂದು ಡಾಕ್ಟರು ಹೇಳಿದ್ದರು. ಡ್ರೈವರನಿಗೆ ವೇಳೆ ಪಾಲಿಸುವುದನ್ನು ಕಲಿಸಬೇಕೆ? ಅವನು ಗಡಿಯಾರ ಬಿಚ್ಚಿ ಬಟ್ಟಲಿನ ಪಕ್ಕ ಚಮಚದ ಜೊತೆ ಇಟ್ಟುಕೊಂಡೇ ಕೂರುತ್ತಿದ್ದ. ಫೋಟೋದಲ್ಲಿ ಮೂರೂ ಇರುತ್ತಿದ್ದವು. 'ಶಿಸ್ತು ಅಂದ್ರೆ ಇದು, ಎಲ್ಲರೂ ನೋಡಿ ಕಲೀರಿ' ಎಂದು ಮೇಷ್ಟ್ರು ಅವನಿಗೆ ಎರಡು ನಕ್ಷತ್ರ ಕೊಟ್ಟರು. ಶಾಲೆಯಲ್ಲಿ ಯಾವತ್ತೂ ಹಿಂದಿನ ಬೆಂಚು ಬಿಟ್ಟು ಏಳದವನಿಗೆ ಐವತ್ತರ ಮೇಲೆ ಮೊದಲ ರ‍್ಯಾಂಕು ಬಂದರೆ ಹೇಗಾಗಬೇಡ. ಹೆಂಡತಿಗೆ ಫೋನು ತೋರಿಸಿ ಮೀಸೆ ತಿರುವಿದ.

ಮೂರನೇ ತಿಂಗಳು ತಿಂದದ್ದು ನಿಲ್ಲದೆ ಹೋಯಿತು. ಮೊದಲು ಮೊಟ್ಟೆ ವಾಪಸು ಬಂತು. ಆಮೇಲೆ ಮೊಸರು, ಆಮೇಲೆ ಸೋಸಿದ ಸೂಪು. ವಿಟಮಿನ್ ಮಾತ್ರೆಗಳು ಹೋದ ದಾರಿಯಲ್ಲೇ ಮರಳುತ್ತಿದ್ದವು. 'ಸ್ವಲ್ಪ ಜಾಮ್' ಎಂದು ಗುಂಪಿನಲ್ಲಿ ಬರೆದ. ತಾಳ್ಮೆ, ತಾಳ್ಮೆ, ತಾಳ್ಮೆ ಎಂದು ಉತ್ತರಗಳು ಬಂದವು. ಎರಡನೇ ಸಲ ಬರೆದಾಗ ಮೇಷ್ಟ್ರು, 'ನೀವೇ ಹೀಗಂದ್ರೆ ಹೊಸಬರ ಗತಿ ಏನು ಡ್ರೈವರೇ?' ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಹದಿನಾರಣ್ಣ ಮೂರನೇ ಸಲ ಬರೆಯಲಿಲ್ಲ. ಆಸ್ಪತ್ರೆಯವರು ಬರಹೇಳಿದ್ದ ದಿನವೂ, 'ನನಗೇನಾಗಿದೆ, ಕಲ್ಲಿನ ಹಾಗಿದೀನಿ' ಎಂದು ತಪ್ಪಿಸಿಕೊಂಡ. ಅಲ್ಲಿ ಏನಾದರೂ ಬರೆದುಕೊಟ್ಟರೆ ಅದು ಡಿಪೋ ಫೈಲಿಗೆ ಹೋಗುತ್ತದೆ, ಇಪ್ಪತ್ತಾರರ ಪರೀಕ್ಷೆ ಕೈತಪ್ಪುತ್ತದೆ ಎಂಬ ಭಯ ಅವನಿಗೆ. ಬಚ್ಚಲಿಗೆ ಹೋದಾಗ ನಲ್ಲಿ ಪೂರ್ತಿ ತಿರುಗಿಸಿ ಬಿಡುತ್ತಿದ್ದ, ಸದ್ದು ಹೊರಗೆ ಕೇಳದಿರಲಿ ಎಂದು.

ತೂಕ ಮಾತ್ರ ಜರ‍್ರನೆ ಇಳಿಯುತ್ತಿತ್ತು. ನೂರರ ಕೆಳಗೆ ಬಂತು, ತೊಂಬತ್ತಾರಾಯಿತು. ಕಂಡವರೆಲ್ಲ ಭೇಷ್ ಎಂದರು. ಹೊಗಳುವವರ ಮುಂದೆ ನಿಂತು ನನಗೆ ಹುಷಾರಿಲ್ಲ ಎನ್ನಲು ಯಾರಿಗೆ ನಾಲಗೆ ಏಳುತ್ತದೆ?

ಹನ್ನೊಂದನೇ ತಾರೀಖು, ಭಾನುವಾರ. ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಹದಿನಾರಣ್ಣ ಆ ಬೆಳಗ್ಗೆ ಒಂದು ಭಾರೀ ಕೆಲಸಕ್ಕೆ ಕೈಹಾಕಿದ. ಪ್ರತಿ ಮಧ್ಯಾಹ್ನ ಉಣ್ಣಲಾಗದ ಊಟದ ಮುಂದೆ ಕೂತು ಫೋಟೋ ತೆಗೆಯುವುದು ಅವನಿಗೆ ಸಾಕಾಗಿಹೋಗಿತ್ತು. ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆ ಪರೀಕ್ಷೆಯ ದಿನದವರೆಗೆ ಬೇಕಾದ ಫೋಟೋಗಳನ್ನೆಲ್ಲ ಒಂದೇ ಸಲ ತೆಗೆದಿಡಲು ಕೂತ. ಹನ್ನೊಂದರಿಂದ ಇಪ್ಪತ್ತಾರಕ್ಕೆ ಹದಿನಾರು ಫೋಟೋ. ತನ್ನ ನಂಬರೇ ಬಂತಲ್ಲ ಎಂದು ಒಳಗೊಳಗೇ ಖುಷಿ ಬೇರೆ.

ಮೊಟ್ಟೆ ಬೇಯಿಸಿದ, ಕ್ಯಾರೆಟ್ಟು ಅರೆದ, ಮೊಸರು ಬಡಿಸಿದ. ಬಟ್ಟಲು ಬದಲಿಸಿದ, ಚಮಚ ಬದಲಿಸಿದ, ಮೇಜಿನ ಬಟ್ಟೆ ತಿರುವಿ ಹಾಕಿದ, ಒಮ್ಮೆ ಪರದೆ ಎಳೆದ, ಒಮ್ಮೆ ತೆಗೆದ. ವೇಳೆಯ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟು ಯಾರೂ ಇಲ್ಲವಲ್ಲ, ಹಾಗಾಗಿ ಪ್ರತಿ ಫೋಟೋಗೂ ಗಡಿಯಾರದ ಮುಳ್ಳು ತಿರುಗಿಸಿ ಒಂದು ಗಂಟೆ ಎರಡು ನಿಮಿಷ, ಒಂದು ಗಂಟೆ ಏಳು ನಿಮಿಷ ಎಂದು ಹೊಂದಿಸಿ ಇಟ್ಟ. ಮುಳ್ಳು ತಿರುಗಿಸಿದ ಮಹಾಶಯನಿಗೆ ಅದರ ಪಕ್ಕದಲ್ಲೇ ತಾರೀಖು ತೋರಿಸುವ ಪುಟ್ಟ ಕಿಟಕಿಯೊಂದಿದೆ ಎಂಬುದು ನೆನಪಿಗೆ ಬರಲಿಲ್ಲ. ಟೈಮ್ ಟೇಬಲ್ಲಿನ ಮೇಲೆ ಬದುಕಿದವನು ನೋಡಿ, ಅವನಿಗೆ ಗಂಟೆ ನಿಮಿಷ ಬೇಕು, ತಾರೀಖು ಯಾಕೆ ಬೇಕು?

ಅಲ್ಲಿಂದ ದಿನಕ್ಕೊಂದರಂತೆ ಕಾಗೆ ಹಾರಿಸತೊಡಗಿದ. ಎರಡು ನಕ್ಷತ್ರ ದಿನವೂ ಬಂದವು.

ಆ ಹೊತ್ತಿಗೆ ಇನ್ನೊಂದು ಶುರುವಾಗಿತ್ತು, ಅದನ್ನು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಚಪ್ಪಲಿ ಕಾಲಿನಿಂದ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಮರೆತ ಸಾಮಾನಿನ ಕೋಣೆಯಿಂದ ಅಂಗಳದವರೆಗೆ ಒಂದೇ ಚಪ್ಪಲಿಯಲ್ಲಿ ನಡೆದುಹೋಗಿದ್ದ. 'ಅಣ್ಣಾ, ನಿನ್ನ ಚಪ್ಪಲೀನೂ ಆ ಕೋಣೆಗೇ ಜಮಾ ಮಾಡಿಬಿಡ್ಲಾ?' ಎಂದು ಮೆಕ್ಯಾನಿಕ್ಕು ತಮಾಷೆ ಮಾಡಿದ್ದ. ಮಾರನೇ ದಿನವೇ ಹದಿನಾರಣ್ಣ ಬಕಲ್ಲಿರುವ ಚಪ್ಪಲಿ ತಂದು ಬಿಗಿದುಕೊಂಡ. ಗೋಡೆ ಹಿಡಿದು ನಡೆಯುವುದನ್ನು ಹೆಂಡತಿ ಕೇಳಿದರೆ, 'ನಲವತ್ತು ಕಿಲೋ ಇಳಿಸಿದ ಮೇಲೆ ಬ್ಯಾಲೆನ್ಸ್ ತಪ್ಪಲ್ವೇನೇ?' ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಇಪ್ಪತ್ತೆರಡನೇ ತಾರೀಖು ಗುರುವಾರ ಬೆಳಗ್ಗೆ ಅವನಿಗೆ ಗುಂಪಿನ ಹೊರಗೆ, ಅವನೊಬ್ಬನಿಗೇ ಒಂದು ಸಂದೇಶ ಬಂತು. ಬರೆದವಳು ಗಡಿಯಾರ ರಿಪೇರಿಯ ಅಕ್ಕ. ಅದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ಅಂಗಡಿ. ಗುಂಪಿನಲ್ಲಿ ಏಳು ವರ್ಷದಿಂದ ಇದ್ದರೂ ಹೆಚ್ಚು ಮಾತಿನವಳಲ್ಲ.

'ಡ್ರೈವರಣ್ಣ, ತಪ್ಪು ತಿಳ್ಕೋಬೇಡಿ. ನಿಮ್ಮ ವಾಚಿನ ತಾರೀಖು ಹನ್ನೊಂದರಲ್ಲೇ ನಿಂತಿದೆ. ಮುಳ್ಳು ಮಾತ್ರ ದಿನಾ ಒಂದು ಗಂಟೆ ಹತ್ರ ಓಡಾಡ್ತಿದೆ. ಎಲ್ಲರೂ ನಿಮ್ಮ ಬಟ್ಟಲು ನೋಡ್ತಾರೆ, ನನ್ನ ಕಣ್ಣು ವಾಚಿಗೇ ಹೋಗುತ್ತೆ, ಏನ್ಮಾಡ್ಲಿ. ಕೆಟ್ಟಿದ್ರೆ ತನ್ನಿ, ಸರಿಮಾಡಿಕೊಡ್ತೀನಿ. ಕೆಟ್ಟಿಲ್ಲ ಅಂದ್ರೆ ಒಂದು ಫೋನ್ ಮಾಡಿ.'

ಬಣ್ಣ ಬಯಲಾಯಿತು ಎಂಬ ನಾಚಿಕೆಗೆ ಹದಿನಾರಣ್ಣನ ಕಿವಿ ಬಿಸಿಯಾಯಿತು. ಹೌದು ಅಕ್ಕ, ವಾಚು ಕೆಟ್ಟಿದೆ ಎಂದು ಬರೆಯಲು ಹೊರಟ. ಅರ್ಧ ಬರೆದ, ಅಳಿಸಿದ. ಆಕೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟೇ ಕೇಳಿದ್ದಳು. ಅಷ್ಟು ಮರ್ಯಾದೆಯಾಗಿ ಕೇಳಿದವರಿಗೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ. ಕೊಡೆಗಳ ನಡುವೆ ಕೂತು ಫೋನ್ ಮಾಡಿದ.

"ವಾಚು ಚೆನ್ನಾಗೇ ಇದೆ ಅಕ್ಕಾ," ಎಂದ.

"ಅಂದ್ಕೊಂಡೆ. ಎಷ್ಟು ದಿನದಿಂದ ವಾಂತಿ?"

ಆ ಮಾತನ್ನು ಒಬ್ಬರು ಬಾಯಿಬಿಟ್ಟು ಆಡಿದ್ದನ್ನು ಕೇಳಿ ಅವನಿಗೆ ಕಣ್ಣು ತುಂಬಿಬಂತು. "ಐದು ವಾರ," ಎಂದ.

"ನೀರು ನಿಲ್ಲುತ್ತಾ?"

"ಅರ್ಧಂಬರ್ಧ."

"ಮಾತ್ರೆ?"

"ಇಲ್ಲ."

"ಕಾಲು ಹೇಗಿದೆ?"

ಕಾಲಿನ ವಿಷಯ ಅವನು ಈ ಭೂಮಿಯ ಮೇಲೆ ಯಾರಿಗೂ ಹೇಳಿರಲಿಲ್ಲ.

"ಕಾಲು ಹೇಗಿದೆ ಅಂದೆ ಅಣ್ಣಾ."

"ಹತ್ತಿ ಮೇಲೆ ನಡೆದ ಹಾಗಿದೆ."

"ಕಣ್ಣು?"

"ಎರಡು ದಿನದಿಂದ ಒಂದೊಂದು ಸಲ ಒಂದು ಎರಡಾಗಿ ಕಾಣುತ್ತೆ."

ಅಕ್ಕ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಇವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅಲ್ಲ, ಇವತ್ತು. ಐದು ವಾರದಿಂದ ವಾಂತಿ, ಕಾಲು ಜೋಮು, ಕಣ್ಣಿಗೆ ಎರಡೆರಡು ಕಾಣುತ್ತೆ, ಈ ಮೂರೂ ಬಾಗಿಲಲ್ಲೇ ಹೇಳಿ. ಗ್ಲೂಕೋಸ್ ಹಾಕೋಕೆ ಬಂದ್ರೆ, ಮೊದಲು ಬಿ-ಒನ್ ವಿಟಮಿನ್ ಇಂಜೆಕ್ಷನ್ ಕೊಡಬೇಕಾ ನೋಡಿ ಅಂತ ಕೇಳಿ. ಮರೀಬೇಡಿ. ನಿಮ್ಮ ನರಗಳಿಗೆ ಊಟ ಇಲ್ಲ ಅಣ್ಣಾ."

"ಸೋಮವಾರ ನನ್ನ ಪರೀಕ್ಷೆ ಇದೆ ಅಕ್ಕಾ. ಪಾಸಾದ್ರೆ ಬಸ್ಸು ಸಿಗುತ್ತೆ. ನಾಲ್ಕೇ ದಿನ. ಆಮೇಲೆ ಹೋಗ್ತೀನಿ."

"ನಾನೂ ನಾಲ್ಕೇ ದಿನ ಅಂದಿದ್ದೆ. ಅಂಗಡಿ ಸಾಮಾನು ಹೊಸ ಜಾಗಕ್ಕೆ ಸಾಗಿಸೋದಿತ್ತು. ಗುಂಪಲ್ಲಿ ನಾನೂ ದಿನಾ ಬಟ್ಟಲು ಹಾಕ್ತಿದ್ದೆ, ಎಲ್ಲರೂ ತಾಳ್ಮೆ ಅಂದ್ರು. ಏಳು ವರ್ಷ ಆಯ್ತು. ಇವತ್ತಿಗೂ ಕೋಲಿಲ್ಲದೆ ನನ್ನ ಅಂಗಡಿ ಮೆಟ್ಟಿಲು ನಾನು ಹತ್ತೋಕಾಗಲ್ಲ."

ಹದಿನಾರಣ್ಣ "ನೋಡೋಣ ಅಕ್ಕಾ" ಎಂದು ಫೋನ್ ಇಟ್ಟ. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಹಟಮಾರಿ. ಪರೀಕ್ಷೆಯಲ್ಲಿ ತೂಕ ನೋಡುತ್ತಾರೆ, ಅದು ಸರಿಯಿದೆ. ಕಣ್ಣಿಗೆ ಅಕ್ಷರದ ಹಲಗೆ ಹಿಡಿಯುತ್ತಾರೆ, ಒಂದು ಕಣ್ಣು ಮುಚ್ಚಿ ಓದಿಸುವುದರಿಂದ ಎರಡಾಗಿ ಕಾಣುವ ಪ್ರಶ್ನೆ ಇಲ್ಲ. ಕಾಲು ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುವುದು. ನಾಲ್ಕು ದಿನ ಹಲ್ಲು ಕಚ್ಚಿ ಹಿಡಿದರೆ ಆಯಿತು. ಹೀಗೆಲ್ಲ ಲೆಕ್ಕ ಹಾಕಿಕೊಂಡು, ಮನಸ್ಸಿಗೆ ಸ್ವಲ್ಪ ಗಾಳಿ ಬೇಕೆನಿಸಿ ಅಂಗಳಕ್ಕೆ ಬಂದ.

ಹದಿನಾರನೇ ನಂಬರು ಅಂಗಳದಲ್ಲೇ ನಿಂತಿತ್ತು. ಆಗಷ್ಟೇ ತೊಳೆದಿದ್ದರು, ಕಿಟಕಿಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ದೀಪಗಳ ಹತ್ತಿರ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ಮೆಕ್ಯಾನಿಕ್ಕು ಇವನನ್ನು ಕಂಡು ಕೂಗಿದ.

"ಹದಿನಾರಣ್ಣಾ, ಸರಿಯಾದ ಹೊತ್ತಿಗೆ ಬಂದೆ. ಹತ್ತಿ ಕೂತ್ಕೊಂಡು ಒಂಚೂರು ಬ್ರೇಕ್ ಒತ್ತು. ಲೈಟ್ ಬರುತ್ತಾ ನೋಡ್ಬೇಕು."

ಡಿಪೋದಲ್ಲಿ ಬ್ರೇಕಿನ ದೀಪ ನೋಡುವುದು ಯಾವಾಗಲೂ ಹೀಗೆಯೇ. ಒಬ್ಬ ಒಳಗೆ ಕೂತು ಒತ್ತುತ್ತಾನೆ, ಇನ್ನೊಬ್ಬ ಹಿಂದೆ ನಿಂತು ಬಂತು, ಹೋಯ್ತು ಎಂದು ಕೂಗುತ್ತಾನೆ. ಹದಿನಾರಣ್ಣ ಕಂಬಿ ಹಿಡಿದು ಹತ್ತಿದ. ಒಂದೂವರೆ ವರ್ಷದ ಮೇಲೆ ಆ ಸೀಟಿನಲ್ಲಿ ಕೂತ. ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಕೈಯಿಟ್ಟು ನೋಡಿದ. ಪೂರ್ತಿ ಒಂದು ಗೇಣು. ಮೂರನೇ ಗುಂಡಿ ಆರಾಮವಾಗಿ ಅದರ ಪಾಡಿಗೆ ಅದಿತ್ತು. ಅವನಿಗೆ ಆದ ಸಂತೋಷ ಹೇಳತೀರದು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟ.

"ಒತ್ತಣ್ಣಾ," ಎಂದು ಹಿಂದಿನಿಂದ ಕೂಗು ಬಂತು.

ಒತ್ತಿದ.

"ಒತ್ತು ಅಂದೆ."

"ಒತ್ತಿದೀನಲ್ಲೋ."

"ಎಲ್ಲಿ? ಏನೂ ಬರ್ತಿಲ್ಲ. ಬಲ್ಬ್ ಹೋಗಿರ್ಬೇಕು. ಇನ್ನೊಂದ್ಸಲ ಜೋರಾಗಿ ಒತ್ತು."

ಹದಿನಾರಣ್ಣ ಜೋರಾಗಿ ಒತ್ತಿದ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ ಆಗ ಮಾಡಿದ. ಬಗ್ಗಿ ಕಾಲು ನೋಡಿದ.

ಬಲಗಾಲು ಬ್ರೇಕಿನ ಮೇಲಿರಲಿಲ್ಲ, ಆಕ್ಸಿಲರೇಟರಿನ ಮೇಲಿತ್ತು. ನೆಲ ಮುಟ್ಟುವವರೆಗೆ ಒತ್ತಿ ಹಿಡಿದಿತ್ತು.

ಎಂಜಿನ್ ಬಂದಾಗಿತ್ತು, ಆದ್ದರಿಂದ ಬಸ್ಸು ಇದ್ದಲ್ಲೇ ಇತ್ತು. ಅವನು ಕಾಲನ್ನು ನೋಡುತ್ತಲೇ ಎತ್ತಿ ಬ್ರೇಕಿನ ಮೇಲಿಟ್ಟ. ನೋಡುತ್ತಿದ್ದಾಗ ಸರಿಯಾಗಿಯೇ ಹೋಯಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಪ್ರಯತ್ನಿಸಿದ. ಯಾವುದರ ಮೇಲಿದೆ ಎಂಬುದೇ ತಿಳಿಯಲಿಲ್ಲ. ಹದಿನಾರರ ದಾರಿಯಲ್ಲಿ ಏಳನೇ ಸ್ಟಾಪು ಶಾಲೆಯ ಮುಂದೆ. ಗಂಟೆ ಹೊಡೆದ ಕೂಡಲೇ ಮಕ್ಕಳು ರಸ್ತೆಗೆ ನುಗ್ಗುತ್ತವೆ. ಅಲ್ಲಿ ಅವನು ಯಾವಾಗಲೂ ಇಪ್ಪತ್ತು ಅಡಿ ಮುಂಚೆಯೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬರುತ್ತಿದ್ದ. ಮುಂದಿನ ವಾರ ಹೀಗೇ ಅಲ್ಲಿಗೆ ಹೋಗುತ್ತಿದ್ದೆನಲ್ಲ ಎಂದುಕೊಂಡ.

ತನ್ನ ಜೀವದ ಮೇಲೆ ಅವನು ಎಷ್ಟು ಬೇಕಾದರೂ ಸುಳ್ಳು ಹೇಳಿಯಾನು. ಆ ಸೀಟಿನಲ್ಲಿ ಕೂತು ಹೇಳಲು ಆಗಲಿಲ್ಲ. ಕಂಬಿ ಹಿಡಿದು ಇಳಿದು ಹಿಂದಕ್ಕೆ ಬಂದ. ಮೆಕ್ಯಾನಿಕ್ಕು ದೀಪದ ಗಾಜು ಬಿಚ್ಚುತ್ತಿದ್ದ.

"ಬಲ್ಬ್ ಬದಲಾಯಿಸಬೇಡ ಕಣೋ," ಎಂದ ಹದಿನಾರಣ್ಣ. "ಅದು ಸರಿಯಾಗಿದೆ. ನನ್ನ ಕಾಲು ಕೆಟ್ಟಿದೆ."

ಹೆಂಡತಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿಯ ಕೆಲಸ ಮಾಡುತ್ತಿದ್ದಳು. ಫೋನಿನಲ್ಲಿ ಅವನು ಐದು ವಾರದ ಕತೆಯನ್ನೂ ಅಕ್ಕ ಹೇಳಿಕೊಟ್ಟದ್ದನ್ನೂ ಒಂದೇ ಉಸಿರಿಗೆ ಹೇಳಿದ. ಬೈಗುಳಕ್ಕೆ ಕಾದ. ಅದು ಬರಲಿಲ್ಲ.

"ನಲ್ಲಿ ಸದ್ದು ನಂಗೆ ಕೇಳ್ಸಲ್ಲ ಅಂದ್ಕೊಂಡ್ರೇನ್ರೀ?" ಎಂದಳು. "ನೀವಾಗೇ ಹೇಳ್ಲಿ ಅಂತ ಕಾದೆ. ಪರೀಕ್ಷೆ ಆಗ್ಲಿ, ಆಮೇಲೆ ಕೇಳೋಣ ಅಂದ್ಕೊಂಡೆ. ನಂದೂ ತಪ್ಪೇ. ಅಲ್ಲೇ ಇರಿ, ಬಂದೆ."

ಆಸ್ಪತ್ರೆಯ ಬಾಗಿಲಲ್ಲಿ ಅವಳೇ ಮೂರೂ ಮಾತನ್ನು ಹೇಳಿದಳು. ಗ್ಲೂಕೋಸಿಗಿಂತ ಮುಂಚೆ ವಿಟಮಿನ್ ಎಂಬುದನ್ನು ನರ್ಸಿಗೆ ಒಮ್ಮೆ, ಡಾಕ್ಟರಿಗೆ ಒಮ್ಮೆ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಇದನ್ನ ಯಾರು ಹೇಳಿಕೊಟ್ರು?" ಎಂದರು. ವಾಚ್ ರಿಪೇರಿ ಮಾಡುವವರು ಎಂದು ಹೇಳಿದರೆ ನಂಬುತ್ತಾರೋ ಇಲ್ಲವೋ ಎಂದು ಅವಳು ಸುಮ್ಮನಾದಳು. ಅರ್ಧ ಗಂಟೆಯೊಳಗೆ ಸೂಜಿ ಚುಚ್ಚಿಯಾಗಿತ್ತು. ಮಾರನೇ ದಿನ ಬಾಯಿಂದ ಕೊಳವೆ ಇಳಿಸಿ ನೋಡಿದಾಗ ಹೊಲಿಗೆ ಹಾಕಿದ ಜಾಗ ಕಟ್ಟಿಕೊಂಡು ಪೆನ್ಸಿಲ್ಲಿನ ಕಡ್ಡಿಯಷ್ಟೇ ದಾರಿ ಉಳಿದಿತ್ತು. ಅದನ್ನು ಹಿಗ್ಗಿಸಿದರು. "ಇನ್ನೊಂದು ವಾರ ಬಿಟ್ಟಿದ್ರೆ ಕಾಲಿರಲಿ, ಹೆಂಡತಿ ಯಾರು ಅನ್ನೋದೂ ಮರೆತುಹೋಗ್ತಿತ್ತೇನೋ," ಎಂದರು ಡಾಕ್ಟರಮ್ಮ. ಕಣ್ಣು ಬೇಗ ಸರಿಹೋಗುತ್ತದೆ, ಕಾಲಿನ ನರಕ್ಕೆ ತಿಂಗಳುಗಟ್ಟಲೆ ಬೇಕು, ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು.

ಸೋಮವಾರ ಹಾಸಿಗೆಯ ಮೇಲೇ ಕಳೆಯಿತು. ಹತ್ತು ಗಂಟೆಗೆ, ಪರೀಕ್ಷೆಯ ಕೋಣೆಯಲ್ಲಿ ತನ್ನನ್ನು ಕೂಗುವ ಹೊತ್ತಿಗೆ, ಹದಿನಾರಣ್ಣ ಗೋಡೆಯ ಕಡೆ ತಿರುಗಿ ಅತ್ತ. ಹೆಂಡತಿ ನೋಡಿಯೂ ನೋಡದವಳಂತೆ ಕಿಟಕಿಯ ಹತ್ತಿರ ನಿಂತಿದ್ದಳು.

ಒಂದು ಗಂಟೆಗೆ ಅವನು ಗಡಿಯಾರ ಕೇಳಿ ತೆಗೆದುಕೊಂಡ. ಡ್ರಿಪ್ಪಿನ ಸ್ಟ್ಯಾಂಡಿನ ಪಕ್ಕ, ತಾರೀಖು ಕಾಣುವಂತೆ ಅದನ್ನಿಟ್ಟು ಫೋಟೋ ತೆಗೆದ. ಗುಂಪಿಗೆ ಹಾಕಿ ಕೆಳಗೆ ಬರೆದ. 'ಇದು ಇವತ್ತಿನದು. ಹನ್ನೊಂದರಿಂದ ಹಾಕಿದ್ದೆಲ್ಲ ಒಂದೇ ದಿನ ತೆಗೆದದ್ದು. ಐದು ವಾರದಿಂದ ನನಗೆ ವಾಂತಿ. ಕಾಲಿಗೆ ಸ್ಪರ್ಶ ಇಲ್ಲ. ನಕ್ಷತ್ರ ವಾಪಸು ತಗೊಳ್ಳಿ ಮೇಷ್ಟ್ರೇ.'

ಮುನ್ನೂರು ಜನರ ಗುಂಪು ಗಪ್‌ಚಿಪ್. ಆಮೇಲೆ ಬೇಕರಿಯವನು ಬರೆದ. 'ನನ್ನ ಬಟ್ಟಲು ನನ್ನ ಮಗಳದ್ದು. ಅವಳು ಉಣ್ಣೋ ಮುಂಚೆ ಫೋಟೋ ತೆಗೀತೀನಿ. ನಂಗೆ ಒಂದು ತಿಂಗಳಿಂದ ಏನೂ ನಿಲ್ತಿಲ್ಲ.' ಟೈಪಿಸ್ಟು ಬರೆದಳು. 'ನನ್ನ ಕೂದಲು ಹಿಡಿ ಹಿಡಿ ಬರ್ತಿದೆ. ನಗೋ ಬೊಂಬೆ ಹಾಕಿ ಹಾಕಿ ಸಾಕಾಗಿದೆ.' ಸಂಜೆಯ ಹೊತ್ತಿಗೆ ಹನ್ನೊಂದು ಜನ ಬಾಯಿಬಿಟ್ಟಿದ್ದರು. ಅವರಲ್ಲಿ ಮೂವರು ಆ ವಾರವೇ ಆಸ್ಪತ್ರೆ ಸೇರಿದರು. ಬೇಕರಿಯವನೂ ಅವರಲ್ಲೊಬ್ಬ.

ಮೇಷ್ಟ್ರು ಎರಡು ದಿನ ಏನೂ ಬರೆಯಲಿಲ್ಲ. ಮೂರನೇ ದಿನ ಆಸ್ಪತ್ರೆಗೇ ಫೋನ್ ಮಾಡಿದರು. "ನನ್ನ ಮೊದಲ ವರ್ಷ ಹೇಗಿತ್ತು ಅಂತ ನಾನು ಯಾರಿಗೂ ಹೇಳಿಲ್ಲ ಡ್ರೈವರೇ," ಎಂದರು. "ಹೇಳಿದ್ರೆ ಯಾರೂ ಆಪರೇಷನ್ ಮಾಡಿಸ್ಕೊಳ್ಳಲ್ಲ, ಇದ್ದಷ್ಟು ದಿನ ಬದುಕಿ ಹೋಗ್ತಾರೆ ಅಂತ ಹೆದರಿಕೆ. ಹೊಟ್ಟೆಗೆ ಹಾಕ್ಕೊಳ್ಳಿ." ಅಂದಿನಿಂದ ಗುಂಪಿನಲ್ಲಿ ಬಟ್ಟಲಿನ ಫೋಟೋ ನಿಂತಿತು. ಒಂದು ಗಂಟೆಗೆ ಮೇಷ್ಟ್ರೇ ಕೇಳುತ್ತಾರೆ, ಇವತ್ತು ಯಾರಿಗೆ ವಾಂತಿ ಆಯಿತು, ಯಾರ ಕಾಲು ಹೇಗಿದೆ ಎಂದು. ಮೂರು ದಿನ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಚೀಟಿಯ ಫೋಟೋ ಹಾಕಬೇಕು. ಶಿಸ್ತು ಮಾತ್ರ ಹಾಗೇ ಇದೆ.

ನಡೆಯುವಷ್ಟಾದ ಮೇಲೆ ಹದಿನಾರಣ್ಣ ಅಕ್ಕನ ಅಂಗಡಿಗೆ ಹೋದ. ಮೂರು ಮೆಟ್ಟಿಲ ಮೇಲಿನ ಇಕ್ಕಟ್ಟಾದ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಅಕ್ಕ, ಮೇಜಿಗೆ ಒರಗಿಸಿಟ್ಟ ಕೋಲು. ತೆಳ್ಳಗಾದ ಅವನ ಕೈಯಲ್ಲಿ ಗಡಿಯಾರ ಬಳೆಯಂತೆ ಜಾರುತ್ತಿತ್ತು. ಅವಳು ಅದರ ಪಟ್ಟಿಯಿಂದ ನಾಲ್ಕು ಕೊಂಡಿ ತೆಗೆದು, ಅವನ್ನು ಕಾಗದದಲ್ಲಿ ಸುತ್ತಿ ಅವನ ಕೈಗೇ ಕೊಟ್ಟಳು.

"ಇಟ್ಕೊಂಡಿರಿ. ಊಟ ಸೇರೋಕೆ ಶುರುವಾದ್ರೆ ಒಂದು ಬೇಕಾಗುತ್ತೆ," ಎಂದಳು.

ಅವನಿಗೆ ಹೇಳಬೇಕಾದದ್ದು ಬಹಳವಿತ್ತು. ಕೊನೆಗೆ "ಮೆಟ್ಟಿಲು ಇಳೀಬೇಕಾದಾಗ ಫೋನ್ ಮಾಡಿ ಅಕ್ಕಾ, ಬರ್ತೀನಿ," ಎಂದ. "ನೀವೇ ಗೋಡೆ ಹಿಡ್ಕೊಂಡಿದೀರಿ," ಎಂದು ಅಕ್ಕ ನಕ್ಕಳು.

ಡಿಪೋ ಅಧಿಕಾರಿ ಆರು ತಿಂಗಳ ನಂತರದ ಇನ್ನೊಂದು ದಿನ ಕೊಟ್ಟಿದ್ದ. ಇದೇ ಕೊನೆಯದು, ಆಮೇಲೆ ಕೊಡೆಗಳ ಜೊತೆಯೇ ನಿವೃತ್ತಿ ಎಂದಿದ್ದ. ಅಲ್ಲಿಂದ ಮನೆಯಲ್ಲಿ ಒಂದು ಹೊಸ ಪರೀಕ್ಷೆ ಶುರುವಾಯಿತು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೆಂಡತಿ ಅವನ ಕಣ್ಣಿನ ಮೇಲೆ ಟವೆಲ್ ಹಾಕಿ, ಕಾಲ್ಬೆರಳು ಒಂದೊಂದನ್ನೇ ಮುಟ್ಟಿ ಯಾವುದು ಎಂದು ಕೇಳುವಳು. ಮೊದಲ ವಾರವೇ ನಮ್ಮ ಅಣ್ಣ ಹತ್ತಕ್ಕೆ ಹತ್ತು ತೆಗೆದ. ಅವಳು ಹೆಬ್ಬೆರಳಿನಿಂದ ಕಿರುಬೆರಳಿಗೆ ಸಾಲಾಗಿ ಹೋಗುತ್ತಿದ್ದಳು, ಇವನು ಸಾಲು ಬಾಯಿಪಾಠ ಮಾಡಿದ್ದ.

"ಬುದ್ಧಿ ಬರ್ಲಿಲ್ಲ ಅಲ್ವಾ ನಿಮಗೆ?" ಎಂದು ಅವಳು ಸಾಲು ಕಲಸಿದಳು. ಅಂದು ಅವನಿಗೆ ಸೊನ್ನೆ ಬಂತು. ಅಳುಮುಖ ಮಾಡಿಕೊಂಡು ಎದ್ದ. ಆಮೇಲೆ ಮೋಸ ಮಾಡಲಿಲ್ಲ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎಂದ. ಎಷ್ಟೋ ಬೆಳಗ್ಗೆ ಹತ್ತು ಸಲವೂ ಗೊತ್ತಿಲ್ಲ ಎಂದ. ಎರಡನೇ ತಿಂಗಳು ಎಡಗಾಲಿನ ಹೆಬ್ಬೆರಳು ಸಿಕ್ಕಿತು. ನಾಲ್ಕನೆಯದರಲ್ಲಿ ಎಡಗಾಲು ಬಹುಪಾಲು ಸಿಕ್ಕಿತು. ಬಲಗಾಲು, ಬ್ರೇಕಿನ ಕಾಲು, ಒಂದು ದಿನ ಹೌದೆನ್ನುವುದು, ಮರುದಿನ ಮುನಿಸಿಕೊಳ್ಳುವುದು. ಇಸ್ತ್ರಿ ಮಾಡಿ ಮಾಡಿ ಒರಟಾದ ತನ್ನ ಬೆರಳಿನದೇ ತಪ್ಪು ಎಂದು ಅವಳು ಹೇಳುತ್ತಿದ್ದಳು. ಅದು ತಪ್ಪಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಬಂತು. ಹದಿನಾರಣ್ಣ ಬೇಗ ಎದ್ದು ಕ್ಷೌರ ಮಾಡಿಕೊಂಡು, ಖಾಕಿ ಅಂಗಿ ತೊಟ್ಟು, ಮತ್ತೆ ಮಂಚದ ಮೇಲೆ ಮಲಗಿದ. ಸೋತರೆ ಇಲ್ಲೇ ಸೋಲುತ್ತೇನೆ, ಅಲ್ಲಿಗೆ ಹೋಗುವುದೇ ಬೇಡ ಎಂದಿದ್ದ. ಹೆಂಡತಿ ಟವೆಲ್ ಹಾಕಿದಳು. ಎಡಗಾಲಿನ ಐದೂ ಬೆರಳು ಸರಿಹೋದವು. ಬಲಗಾಲಿನಲ್ಲಿ ನಾಲ್ಕನ್ನು ಒಂದೊಂದಾಗಿ, ಹಿಂದುಮುಂದಾಗಿ ಕೇಳಿದಳು. ನಾಲ್ಕೂ ಸರಿಯಾಗಿತ್ತು.

"ಈಗ ಹೇಳಿ, ಯಾವುದು?" ಎಂದಳು.

ಅವನು ಕಾದ. ಏನೂ ತಿಳಿಯಲಿಲ್ಲ. ಉಳಿದಿರುವುದು ಕಿರುಬೆರಳೊಂದೇ, ಅದನ್ನೇ ಹೇಳಿಬಿಡಬಹುದಿತ್ತು. ಯಾರಾದರೂ ಅದನ್ನೇ ಹೇಳುತ್ತಿದ್ದರು.

"ಹೇಳ್ರೀ."

"ಯಾವುದೂ ಇಲ್ಲ," ಎಂದ. "ಮುಟ್ಟಿದ್ರೆ ನಂಗೆ ಗೊತ್ತಾಗಲಿಲ್ಲ. ಇಲ್ಲಾಂದ್ರೆ ನೀನು ಮುಟ್ಟಿಲ್ಲ."

ಅವಳ ಎರಡೂ ಕೈ ಮಡಿಲಲ್ಲೇ ಇದ್ದವು, ಅವಳು ಮುಟ್ಟಿರಲಿಲ್ಲ. ಅದು ಅವನಿಗೆ ಕಾಣುವಂತಿರಲಿಲ್ಲ. ಟವೆಲ್ಲಿನ ಕತ್ತಲೆಯಲ್ಲಿ ಅವನು ಉಸಿರು ಹಿಡಿದು ಮಲಗಿದ್ದ. ಆಗ ಪಾದದ ಮೇಲೆ ಏನೋ ಬಿತ್ತು. ಚಿಕ್ಕದು, ಬೆಚ್ಚಗಿನದು. ನಿಧಾನವಾಗಿ ಹೊರಗಿನ ಅಂಚಿಗೆ ಹರಿಯಿತು.

"ಬಲಗಾಲು, ಕಿರುಬೆರಳಿನ ಪಕ್ಕ," ಎಂದ ಹದಿನಾರಣ್ಣ. "ಯಾಕೆ ಅಳ್ತೀಯೇ?"

ಅವಳು ಅಂಗೈಯಿಂದ ಅವನ ಪಾದ ಒರೆಸಿ, ಗಡಿಯಾರವನ್ನು ಅವನ ಎದೆಯ ಮೇಲಿಟ್ಟು, ಎದ್ದೇಳಿ, ಹತ್ತಕ್ಕೆ ಅಲ್ಲಿರಬೇಕು ಎಂದಳು.